ಸೆರಗಿನ ಕೆಳಗೆ ಕೈ ಹಿಡಿದು ಬಂದ ದಾರಿ

ಯಾರಾದರೂ ದೂರದೇಶಕ್ಕೆ ವಿಮಾನ ಹತ್ತುವವರಿದ್ದರೆ ನಮ್ಮ ಬಳಗದವರು ಅವರನ್ನು ಒಮ್ಮೆ ನನ್ನ ಹತ್ತಿರ ಕಳಿಸುತ್ತಾರೆ. ಸೇಡಂ ರಸ್ತೆಯ ನನ್ನ ಮನೆಯ ಪಡಸಾಲೆಯಲ್ಲಿ ಕೂರಿಸಿ, ಚಹಾ ಕೊಟ್ಟು, ನಾನು ಬುದ್ಧಿ ಹೇಳುತ್ತೇನೆ. ಹೇಳದಿದ್ದರೆ ನನಗೆ ಚಹಾ ಇಳಿಯುವುದಿಲ್ಲ. ಹಿಂದಿನ ದಿನ ಬೇಳೆ, ಬದನೆಕಾಯಿ, ಶೇಂಗಾ ಮುಟ್ಟಬೇಡಿ, ಮೇಲೆ ಹೋದಂತೆ ಹೊಟ್ಟೆ ಉಬ್ಬುತ್ತದೆ. ಬಿಗಿ ಚಪ್ಪಲಿ ಬೇಡ. ಕಾಲು ಊದಿ ಕುಂಬಳಕಾಯಿಯಂತಾಗುತ್ತವೆ, ಆಮೇಲೆ ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ಇಳಿಯಬೇಕಾಗುತ್ತದೆ. ಕಿವಿಗೆ ಅರಳೆ, ಬಾಯಿಗೆ ಬೆಲ್ಲದ ಚೂರು. ವಿಮಾನ ಇಳಿಯುವಾಗ ನುಂಗುತ್ತಲೇ ಇರಬೇಕು. ನೀರು ಕೇಳಿ ಕುಡಿಯಿರಿ. ನಾಚಿಕೊಂಡರೆ ನಷ್ಟ ನಿಮ್ಮದೇ, ಟಿಕೀಟಿನಲ್ಲಿ ಅದೂ ಸೇರಿರುತ್ತದೆ.

ಎಲ್ಲ ಕೇಳಿಸಿಕೊಂಡ ಮೇಲೆ ಅವರು ಒಂದು ಮಾತು ಕೇಳುತ್ತಾರೆ. "ನೀವ್ಯಾವಾಗ ಹೋಗಿದ್ರಿ, ಆಯೀ?"

ನಮ್ಮ ಜಿಲ್ಲೆ ಇನ್ನೂ ಹೈದರಾಬಾದ್ ರಾಜ್ಯದಲ್ಲಿದ್ದಾಗ, ಲಂಡನ್ನಿಗೆ, ತಮ್ಮನನ್ನು ಕರೆತರಲು ಎನ್ನುತ್ತೇನೆ.

"ಕರ್ಕೊಂಡು ಬಂದ್ರೇನು?"

ಹೂಂ ಎನ್ನುತ್ತೇನೆ. ಅಲ್ಲಿಗೆ ಅವರು ಎದ್ದು ಹೋಗುತ್ತಾರೆ. ಹೇಗೆ ಕರೆತಂದೆ ಎಂದು ಯಾರೂ ಕೇಳಿಲ್ಲ. ಕೇಳದವರಿಗೂ ಹೇಳುವುದು ನನ್ನ ಗುಣ, ಆದರೂ ಇದೊಂದನ್ನು ಮಾತ್ರ ಬಾಯಿಬಿಟ್ಟು ಹೇಳಲು ಆಗಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮೂರು ಕಮಲಾಪುರ. ಅಲ್ಲಿಯ ಕೆಂಪು ಬಾಳೆಯನ್ನು ತೋಟದಲ್ಲೇ ಕೊಂಡು, ಗೊನೆಗಟ್ಟಲೆ ಗಾಡಿಗೆ ಏರಿಸಿ, ಕಲಬುರಗಿಯ ಸಗಟು ಬಜಾರಿಗೆ ಒಯ್ಯುವುದು ನನ್ನ ಕಸುಬಾಗಿತ್ತು. ಯಾರೂ ಕೊಟ್ಟ ಕಸುಬಲ್ಲ, ನಾನೇ ಮಾಡಿಕೊಂಡದ್ದು. ಗಂಡ ತೀರಿಕೊಂಡಾಗ ನಾನಿನ್ನೂ ಹರೆಯದವಳು. ಅಪ್ಪ, ಅವ್ವ ಅದಕ್ಕೂ ಮೊದಲೇ ಹೋಗಿದ್ದರು. ನನ್ನ ಪಾಲಿಗೆ ಉಳಿದವನು ತಮ್ಮ ಒಬ್ಬನೇ. ಅವನನ್ನು ಮಗನಂತೆ ಬೆಳೆಸಿದೆ ಎಂದು ಜನ ಹೇಳುತ್ತಾರೆ. ಹಾಗೇನಿಲ್ಲ. ನಾವಿಬ್ಬರೂ ಒಬ್ಬರನ್ನೊಬ್ಬರು ಬೆಳೆಸಿಕೊಂಡೆವು.

ಆ ಕಾಲದಲ್ಲಿ ಬಜಾರಿನಲ್ಲಿ ದರವನ್ನು ಬಾಯಿಂದ ಹೇಳುತ್ತಿರಲಿಲ್ಲ. ಮಾರುವವನೂ ಕೊಳ್ಳುವವನೂ ಕೈಯ ಮೇಲೆ ಟುವ್ವಾಲ ಮುಚ್ಚಿಕೊಂಡು, ಅದರ ಕೆಳಗೆ ಬೆರಳು ಹಿಡಿದು ಮಾತಾಡುತ್ತಿದ್ದರು. ಒಂದು ಬೆರಳು ಹಿಡಿದರೆ ಒಂದು, ಎರಡು ಹಿಡಿದರೆ ಎರಡು. ಅಂಗೈ ಮೇಲೆ ಗೆರೆ ಎಳೆದರೆ ಒಲ್ಲೆ ಎಂದರ್ಥ. ಹೆಬ್ಬೆರಳನ್ನು ಅಂಗೈಯ ನಡುವೆ ಒತ್ತಿದರೆ ಸೌದಾ ಮುಗಿಯಿತು, ಆಮೇಲೆ ಯಾರೂ ಹಿಂದೆ ಸರಿಯುವಂತಿಲ್ಲ. ಸುತ್ತ ನಿಂತವರಿಗೆ ಏನೂ ತಿಳಿಯುತ್ತಿರಲಿಲ್ಲ.

ನನಗೆ ತೊಡಕಾದದ್ದು ಅಲ್ಲಿಯೇ. ಗಂಡಿಲ್ಲದ ಹೆಣ್ಣಿನ ಕೈಯನ್ನು ಬಟ್ಟೆಯ ಕೆಳಗೆ ಯಾರು ಹಿಡಿದಾರು? ಹಿಡಿಯಲು ಬಂದರೂ ನಾನು ಕೊಟ್ಟೇನೆ? ಹಾಗಾಗಿ ತಮ್ಮನೇ ನನ್ನ ಕೈಯಾದ. ಅವನ ಬಲಗೈ ವ್ಯಾಪಾರಿಯ ಟುವ್ವಾಲದ ಕೆಳಗೆ, ಎಡಗೈ ನನ್ನ ಸೆರಗಿನ ಕೆಳಗೆ. ಅತ್ತ ಹಿಡಿದದ್ದು ಇತ್ತ ನನಗೆ ಬರುತ್ತಿತ್ತು. ನಾನು ಒತ್ತಿದ್ದು ಅತ್ತ ಹೋಗುತ್ತಿತ್ತು. ನಡುವೆ ಅವನು ಮುಗ್ಧನಂತೆ ಆಕಾಶ ನೋಡುತ್ತಾ ನಿಂತಿರುತ್ತಿದ್ದ.

"ಏನಲೇ, ನಿಮ್ಮಕ್ಕನ ಕೈ ನಿನ್ನ ಹೊಟ್ಟಿಯೊಳಗಿಂದ ಬರ್ತದೇನು?" ಎಂದು ಒಬ್ಬ ವ್ಯಾಪಾರಿ ರೇಗಿಸಿದರೆ, "ಮೊದಲ ದರ ಏರಸ್ರಿ ಕಾಕಾ, ಆಮ್ಯಾಲ ಹೊಟ್ಟಿ ಬಿಚ್ಚಿ ತೋರಸ್ತೀನಿ" ಎನ್ನುವನು. ಟುವ್ವಾಲದ ಕೆಳಗೆ ಅವನಿಗೆ ಮೋಸ ಮಾಡುವ ವ್ಯಾಪಾರಿ ಇನ್ನೂ ಹುಟ್ಟಿರಲಿಲ್ಲ.

ಆ ಬೆರಳ ಮಾತೇ ಒಮ್ಮೆ ನಮ್ಮ ಜೀವ ಉಳಿಸಿತು. ಪೊಲೀಸ್ ಆಕ್ಷನ್ನಿಗೆ ಮುಂಚಿನ ತಿಂಗಳುಗಳಲ್ಲಿ, ನಿಜಾಮನ ಕಡೆಯ ರಜಾಕಾರರು ಬರುತ್ತಾರೆಂಬ ಸುದ್ದಿ ಹಬ್ಬಿದಾಗ, ಊರ ಅರ್ಧ ಮಂದಿ ಸೊಲ್ಲಾಪುರದ ಕಡೆಗೆ ಗಡಿ ದಾಟಲು ಹೊರಟಿತು. ನಾವೂ ಹೊರಟೆವು. ದಾರಿಯಲ್ಲಿ ಕುದುರೆಗಳ ಸದ್ದು ಕೇಳಿದರೆ ಸಜ್ಜೆಯ ಹೊಲದೊಳಗೆ ಬೋರಲಾಗಿ ಮಲಗುತ್ತಿದ್ದೆವು. ಉಸಿರೆತ್ತುವಂತಿರಲಿಲ್ಲ. ಅವನ ಕೈ ನನ್ನ ಸೆರಗಿನ ಕೆಳಗಿರುತ್ತಿತ್ತು. ಬೆರಳು ಹಿಡಿದರೆ, ಅಲುಗಬೇಡ. ಹೆಬ್ಬೆರಳು ಒತ್ತಿದರೆ, ಅಪಾಯ ಹೋಯಿತು, ಏಳು. ಗಡಿಯಾಚೆಯ ಶಿಬಿರದಲ್ಲಿ ಮೊದಲ ಸಲ ಬಿಸಿ ಅಂಬಲಿ ಕೈಗೆ ಬಂದಾಗ ನಾನು ಅವನ ಅಂಗೈಯಲ್ಲಿ ಹೆಬ್ಬೆರಳು ಒತ್ತಿದೆ. ಆಗ ಅವನು ಅತ್ತ. ಅಲ್ಲಿಯವರೆಗೆ ಅತ್ತಿರಲಿಲ್ಲ.

ಸೈನ್ಯ ಬಂದು ಎಲ್ಲ ತಣ್ಣಗಾದ ಮೇಲೆ ಊರಿಗೆ ಮರಳಿದೆವು. ನಮ್ಮ ಮಗ್ಗುಲ ಮನೆಯಲ್ಲಿ ಬಳೆ ಮಾರುವ ಚಾಚಿ ಇದ್ದಳು. ನಾವು ಹೋಗುವಾಗ ನಮ್ಮ ಮನೆಯ ಕೀಲಿ ಅವಳ ಕೈಯಲ್ಲಿ ಕೊಟ್ಟಿದ್ದೆವು. ಕೀಲಿ ಹಾಗೇ ಕೊಟ್ಟಳು, ಮನೆಯೂ ಹಾಗೇ ಇತ್ತು. ಅವಳ ಮನೆ ಮಾತ್ರ ಹಾಗಿರಲಿಲ್ಲ. ಆಕ್ಷನ್ ಆದ ನಂತರದ ದಿನಗಳಲ್ಲಿ ಅವಳ ಗಂಡ ಹಾಲು ತರಲು ಹೋದವನು ತಿರುಗಿ ಬಂದಿರಲಿಲ್ಲ. ದೇಹವೂ ಸಿಗಲಿಲ್ಲ. ಚಾಚಿ ಬಾಗಿಲ ಅಗಳಿ ಹಾಕುವುದನ್ನೇ ಬಿಟ್ಟಳು. "ಬಂದ್ರ ಬಡಿಯೋದು ಬ್ಯಾಡ" ಎನ್ನುತ್ತಿದ್ದಳು.

ತಮ್ಮ ಓದಿನಲ್ಲಿ ಮುಂದೆ ಬಂದ. ಗಿರಣಿ ಯಂತ್ರಗಳ ವಿದ್ಯೆ ಕಲಿಯಲು ವಿದ್ಯಾರ್ಥಿವೇತನ ಸಿಕ್ಕಿ ಹಡಗಿನಲ್ಲಿ ವಿಲಾಯತಿಗೆ ಹೋದ. ಕಾಗದಗಳು ಬರುತ್ತಿದ್ದವು. ಗಂಟಲು ಸ್ವಲ್ಪ ಕೆಟ್ಟಿದೆ, ಅಲ್ಲಿಯ ಚಳಿಗೆ ಎಂದಿದ್ದ. ಆಮೇಲೆ ಅವನ ಜೊತೆಯ ವಿದ್ಯಾರ್ಥಿಯಿಂದ ತಂತಿ ಬಂತು. ಗಂಟಲಲ್ಲಿ ಗಡ್ಡೆ, ಆಪರೇಶನ್ ಆಗಿದೆ, ಬೇಗ ಬರಬೇಕು. ಹಡಗಿನಲ್ಲಿ ಹೋದರೆ ವಾರಗಟ್ಟಲೆ. ವಿಮಾನವೇ ಗತಿ. ನನ್ನ ಗಿರಾಕಿಯಾಗಿದ್ದ ಕಲಬುರಗಿಯ ವಕೀಲರೊಬ್ಬರು ಪಾಸ್‌ಪೋರ್ಟಿಗೆ ಓಡಾಡಿದರು. ಕೊರಳಲ್ಲಿದ್ದದ್ದು, ಪೆಟ್ಟಿಗೆಯಲ್ಲಿದ್ದದ್ದು ಟಿಕೀಟಾಯಿತು.

ಹೊರಡುವ ತಯಾರಿಗೆ ನನಗೆ ಬುದ್ಧಿ ಹೇಳಿದವಳು ಚಾಚಿ. ಅವಳು ಹಡಗಿನಲ್ಲಿ ಹಜ್‌ಗೆ ಹೋಗಿ ಬಂದವಳ ಮಗಳು, ದೂರದ ದಾರಿಯ ಕಷ್ಟ ಕೇಳಿ ಬಲ್ಲವಳು.

"ಬೇಟಿ, ಲಿಂಬಿಕಾಯಿ ಇಟ್ಕೋ. ಹೊಟ್ಟಿ ತೊಳಿಸಿದ್ರ ಮೂಸಿ ನೋಡು. ಸಂಡಾಸು ಇರ್ತದೇನು ಅದರಾಗ?"

"ಇರ್ತದಂತ, ಚಾಚಿ."

"ಯಾರ ತಲಿ ಮ್ಯಾಲ ಬೀಳ್ತದೋ ಅಲ್ಲಾನೇ ಬಲ್ಲ! ಮತ್ತ ನೋಡು, ವಿಮಾನದವನ ಜೋಡಿ ಚೌಕಾಶಿಗಿ ನಿಂದರಬ್ಯಾಡ. ಅರ್ಧ ದಾರಿಗಿ ಇಳಸಿ ಹೋದಾನು."

ಇಬ್ಬರೂ ನಕ್ಕೆವು. ಆಮೇಲೆ ಅವಳು ನನ್ನ ಗಂಟನ್ನು ಬಿಗಿಯುತ್ತಾ, ಮುಖ ಎತ್ತದೆ ಹೇಳಿದಳು: "ಹ್ಯಾಂಗರೆ ಮಾಡಿ ಅವನ್ನ ಮನಿಗಿ ತಾ. ಮನಿಗಿ ಬಂದು ಹೋದವರ ದುಃಖ ಬ್ಯಾರೆ, ಬೇಟಿ. ಬಾರದವರದು ಬ್ಯಾರೆ."

ನಾನು ವಿಮಾನ ಹತ್ತಿದ್ದು ಈ ಒಂದು ಮಾತು ಹಿಡಿದುಕೊಂಡು.

ಹೋಗುವ ದಾರಿಯಲ್ಲಿ ನಾನು ಮಾಡಬಾರದ್ದನ್ನೆಲ್ಲ ಮಾಡಿ ಕಲಿತೆ. ಖಡಕ್ ರೊಟ್ಟಿ, ಶೇಂಗಾ ಹಿಂಡಿ ಹೊಟ್ಟೆ ತುಂಬ ತಿಂದು ಹತ್ತಿದೆ. ಕರಾಚಿ ಮುಟ್ಟುವ ಮೊದಲೇ ಹೊಟ್ಟೆ ತಮಟೆಯಾಯಿತು. ಈಗಿನ ವಿಮಾನಗಳಂತಲ್ಲ ಅವು, ರೆಕ್ಕೆಗೆ ಪಂಖಗಳಿದ್ದವು. ಹಿಟ್ಟಿನ ಗಿರಣಿಯೊಳಗೆ ಕೂತು ಪ್ರಯಾಣ ಮಾಡಿದ ಹಾಗೆ ಸದ್ದು. ಕರಾಚಿ, ಬಸ್ರಾ, ಕೈರೋ, ರೋಮ್ ಎಂದು ಬಸ್ಸಿನಂತೆ ನಿಂತು ನಿಂತು ಹೋಗುತ್ತಿತ್ತು. ಬಸ್ರಾದಲ್ಲಿ ಬಾಗಿಲು ತೆರೆದರೆ ಒಲೆಯ ಬಾಯಿ ತೆರೆದಂತೆ. ರೋಮಿನಲ್ಲಿ ಇಳಿಯುವಾಗ ಕಾಲು ಊದಿ ಚಪ್ಪಲಿ ಏರಲಿಲ್ಲ, ಬರಿಗಾಲಲ್ಲಿ ತಣ್ಣನೆಯ ಕಲ್ಲಿನ ಮೇಲೆ ನಡೆದೆ. ಒಂದು ಕೆಲಸ ಮಾತ್ರ ಸರಿಯಾಗಿ ಮಾಡಿದ್ದೆ. ಒಂದು ಚಿಪ್ಪು ಕೆಂಪು ಬಾಳೆಯನ್ನು ಬಲಿತ ಕಾಯಿಯಿದ್ದಾಗಲೇ ಹುಲ್ಲಿನಲ್ಲಿ ಸುತ್ತಿ ತಂದಿದ್ದೆ. ಎಷ್ಟು ಸೆಕೆಗೆ ಎಷ್ಟು ಹಣ್ಣಾಗುತ್ತದೆಂದು ನನಗೆ ಗೊತ್ತು. ಲಂಡನ್ ಮುಟ್ಟಿದಾಗ ಅವು ತಿನ್ನುವ ಹದಕ್ಕೆ ಬಂದಿದ್ದವು.

ತಿನ್ನುವವನಿಗೆ ಮಾತ್ರ ಗಂಟಲಿರಲಿಲ್ಲ.

ಆಸ್ಪತ್ರೆಯ ಉದ್ದನೆಯ ಕೋಣೆಯಲ್ಲಿ, ಕಿಟಕಿಯ ಪಕ್ಕದ ಮಂಚದಲ್ಲಿ ಮಲಗಿದ್ದ. ಕತ್ತಿಗೆ ಬಟ್ಟೆ ಸುತ್ತಿತ್ತು. ಉಸಿರಾಡಲು ಅಲ್ಲೊಂದು ಕೊಳವೆ, ಹಾಲು ಹೋಗಲು ಮೂಗಿನಲ್ಲೊಂದು ಕೊಳವೆ. ದನಿ ಗಡ್ಡೆಯ ಜೊತೆಗೇ ಹೋಗಿತ್ತು. ಕೈ ಕಾಲು ಎಷ್ಟು ತೆಳ್ಳಗಾಗಿದ್ದವೆಂದರೆ, ಹೊದಿಕೆಯ ಕೆಳಗೆ ಯಾರೂ ಮಲಗಿಲ್ಲವೇನೋ ಎನಿಸುತ್ತಿತ್ತು. ನನ್ನನ್ನು ಕಂಡು ಅವನು ಅಳಲಿಲ್ಲ, ನಾನೂ ಅಳಲಿಲ್ಲ. ಹೊದಿಕೆಯ ಅಂಚಿನಿಂದ ಎಡಗೈ ಹೊರಗೆ ಬಂತು. ಸೆರಗು ಮುಚ್ಚಿ ಹಿಡಿದೆ. ನನ್ನ ಬೆರಳುಗಳನ್ನು ಒಂದೊಂದಾಗಿ ತಡವಿ, ಹುಬ್ಬು ಏರಿಸಿದ. ಬಾಳೆಯ ದರ ಕೇಳುತ್ತಿದ್ದ!

ನಾನು ಬೆರಳು ಹಿಡಿದು ದರ ಹೇಳಿದೆ. ಅವನು ನನ್ನ ಅಂಗೈ ಮೇಲೆ ಗೆರೆ ಎಳೆದ. ಒಲ್ಲೆ, ಕಡಿಮೆಯಾಯಿತು.

"ಮಂಚದಾಗ ಮಲಗಿ ಬಜಾರ ನಡಸ್ತಿಯೇನೋ, ಶ್ಯಾಣ್ಯಾ" ಎಂದೆ. ಅವನ ಭುಜಗಳು ಅಲುಗಿದವು. ನಗು ಸದ್ದಿಲ್ಲದೆ ಬಂತು.

ಬಾಳೆಹಣ್ಣುಗಳನ್ನು ದಿಂಬಿನ ಪಕ್ಕ ಇಟ್ಟೆ. ಕೋಣೆಯ ತುಂಬ ಕಮಲಾಪುರದ ವಾಸನೆ ಹರಡಿತು. ನರ್ಸುಗಳು ಬಂದು ಬಂದು ಮೂಸಿದರು. ಅವನು ಒಂದನ್ನು ಎದೆಯ ಮೇಲೆ ಇಟ್ಟುಕೊಂಡು ಮಲಗಿದ.

ಡಾಕ್ಟರು ಹೇಳಿದ್ದನ್ನು, ತಂತಿ ಕಳಿಸಿದ್ದ ಆ ವಿದ್ಯಾರ್ಥಿ, ನಮ್ಮ ಕಡೆಯವನೇ, ನನಗೆ ಕನ್ನಡದಲ್ಲಿ ಹೇಳಿದ. ಇನ್ನು ಮಾಡುವಂಥದ್ದೇನೂ ಇಲ್ಲ. ಇಲ್ಲೇ ಇದ್ದರೆ ನೋವಿಲ್ಲದಂತೆ ನೋಡಿಕೊಳ್ಳುತ್ತೇವೆ. ವಿಮಾನದಲ್ಲಿ ಒಯ್ದರೆ ಗಾಳಿ ತೆಳುವು, ಒಣಗಾಳಿಗೆ ಕೊಳವೆ ಕಟ್ಟಿಕೊಳ್ಳಬಹುದು, ಮುಟ್ಟುತ್ತಾನೆಂಬ ಭರವಸೆಯಿಲ್ಲ. ನಾನು ಯಾರ ಮೊದಲ ದರವನ್ನೂ ಒಪ್ಪಿದವಳಲ್ಲ. "ಹಂಗಂದ್ರ ಮುಟ್ಟಬಹುದು ಅಂತನೂ ಆತಲ್ಲ?" ಎಂದು ಅವನಿಂದ ಕೇಳಿಸಿದೆ. ಡಾಕ್ಟರು ಇಲ್ಲ ಎನ್ನಲಿಲ್ಲ.

ಚೌಕಾಶಿ ನಡೆದದ್ದು ನಮ್ಮಿಬ್ಬರ ನಡುವೆ. ಇಲ್ಲೇ ಇದ್ದು ಸ್ವಲ್ಪ ಶಕ್ತಿ ಬರಲಿ, ಆಮೇಲೆ ಹೋಗೋಣ ಎಂದು ಹೇಳಿ, ಇಷ್ಟು ವಾರ ಎಂದು ನಾಲ್ಕು ಬೆರಳು ಹಿಡಿದೆ. ಗೆರೆ ಎಳೆದ. ಮೂರು ಹಿಡಿದೆ. ಗೆರೆ. ಎರಡು. ಗೆರೆ ಎಳೆಯುವಾಗ ಅವನ ಉಗುರು ನನ್ನ ಅಂಗೈಗೆ ತಾಗಿತು. ಆಮೇಲೆ ನನ್ನ ಕಿರುಬೆರಳೊಂದನ್ನೇ ಹಿಡಿದು, ಕಿಟಕಿಯ ಕಡೆ ನೋಡಿದ. ಹೊರಗೆ ಬೂದು ಬಣ್ಣದ ಆಕಾಶ. ಅಲ್ಲಿ ಬಿಸಿಲಿರಲಿಲ್ಲ. ಇಷ್ಟು ವರ್ಷ ನನಗಾಗಿ ಊರವರ ಜೊತೆ ಸೌದಾ ಮಾಡಿದ ಕೈ ಅದು. ಅದಕ್ಕೆ ತನಗಾಗಿ ಬೇಕಾದದ್ದು ಇದೊಂದೇ, ಒಂದು ವಾರದೊಳಗೆ ಊರಿನ ಬಿಸಿಲು. ನಾನು ಹೆಬ್ಬೆರಳು ಒತ್ತಿದೆ.

ಆ ಒಂದು ವಾರ ನಾನು ದುಃಖಕ್ಕೆ ಪುರುಸೊತ್ತು ಕೊಡಲಿಲ್ಲ. ಯಾರಾದರೂ ರೋಗಿಯನ್ನು ಕರೆದುಕೊಂಡು ದೂರ ಹಾರುವವರಿದ್ದರೆ ಇದನ್ನು ಗಮನವಿಟ್ಟು ಓದಿ. ಕೊಳವೆಯ ಬಾಯಿಗೆ ಒದ್ದೆ ಬಟ್ಟೆಯ ತುಂಡು ಹಾಕಿ ಗಾಳಿ ತೇವವಾಗಿಡುವುದನ್ನು ನರ್ಸಿನಿಂದ ಕಲಿತೆ. ನನ್ನ ಹಳೆಯ ನೂಲಿನ ಸೀರೆಯನ್ನು ಹರಿದು ಕುದಿಸಿ ಒಣಗಿಸಿ ಕಟ್ಟಿಕೊಂಡೆ. ಹೊಸ ಬಟ್ಟೆ ಚುಚ್ಚುತ್ತದೆ, ಹಳೆಯದೇ ಆಗಬೇಕು. ಕಾಯಿಸಿ ಆರಿಸಿದ ನೀರು, ಕಫ ಎಳೆಯುವ ರಬ್ಬರಿನ ಬುಗ್ಗೆ, ಕಾಲಿಗೆ ತಿಕ್ಕಲು ಎಣ್ಣೆ, ಮೊಣಕಾಲ ಕೆಳಗಿಡಲು ಸಣ್ಣ ದಿಂಬು. ವಿಮಾನದ ಕಚೇರಿಯವನು ರೋಗಿಯನ್ನು ಕೂರಿಸುವುದಿಲ್ಲ ಎಂದ. ಚಾಚಿಯ ಮಾತು ನೆನಪಿತ್ತು, ಆದರೂ ಚೌಕಾಶಿಗೆ ನಿಂತೆ. ಎರಡು ದಿನ ಅವನ ಬಾಗಿಲಲ್ಲೇ ಕೂತೆ. ಕೊನೆಗೆ ಡಾಕ್ಟರ ಚೀಟಿ ತಂದರೆ ಆದೀತೆಂದ. ಚೀಟಿ ನನ್ನ ಕುಪ್ಪಸದೊಳಗೇ ಇತ್ತು. ಎಲ್ಲಕ್ಕಿಂತ ಮುಂದಿನ ಸಾಲು, ಕಾಲು ಚಾಚುವಷ್ಟು ಜಾಗ ಕೊಟ್ಟ.

ವಿಮಾನ ಎದ್ದಾಗ ಅವನು ನನ್ನ ಕೈ ಕೇಳಿದ. ಹೊದಿಸಿದ್ದ ಶಾಲಿನ ಮೇಲೆ ನನ್ನ ಸೆರಗೂ ಬಂತು. ಹುಬ್ಬು ಏರಿಸಿದ. ಇನ್ನೆಷ್ಟು?

ರೋಮ್, ಕೈರೋ, ಬಸ್ರಾ, ಕರಾಚಿ, ಮುಂಬಯಿ. ಐದೂ ಬೆರಳು ಹಿಡಿದೆ. ತಲೆಯಾಡಿಸಿದ.

ಪ್ರತಿ ನಿಲ್ದಾಣ ದಾಟಿದಾಗಲೂ ಕೇಳುವನು. ನಾನು ಒಂದು ಬೆರಳು ಬಿಡುವೆನು. ರೋಮ್ ದಾಟಿ ನಾಲ್ಕಾದಾಗ ಮುಖದಲ್ಲಿ ಗೆಲುವಿತ್ತು. ಗಗನಸಖಿಯೊಬ್ಬಳು, ಮುಂಬಯಿಯ ಹುಡುಗಿ, ಹದಿನೈದು ನಿಮಿಷಕ್ಕೊಮ್ಮೆ ಬಂದು ಒದ್ದೆ ಬಟ್ಟೆ ಬದಲಿಸಲು ಕೈ ಕೊಡುತ್ತಿದ್ದಳು. ಅವಳ ಹಿಂದಿ, ನನ್ನ ದಖನಿ ಹೇಗೋ ಹೊಂದಿಕೊಂಡವು. "ಇವರು ನಿಮಗೇನಾಗಬೇಕು?" ಎಂದಳು. "ನನ್ನ ಕೈ" ಎಂದೆ. ಅವಳಿಗೆ ಅರ್ಥವಾಗಲಿಲ್ಲ, ತಮ್ಮ ಎಂದು ಬಿಡಿಸಿ ಹೇಳಿದೆ. ಕೈರೋ ದಾಟಿ ಮೂರಾಯಿತು. ಅಲ್ಲಿಂದ ಮುಂದೆ ಅವನ ಉಸಿರು ತೊಡಕಿತು. ಬುಗ್ಗೆ ಹಿಡಿದು ಎಳೆದೆ, ನೀರು ಹನಿಸಿದೆ, ಕಾಲು ತಿಕ್ಕಿದೆ. ನಾನು ಕಲಿತದ್ದೆಲ್ಲ ಮಾಡಿದೆ. ಬಸ್ರಾದ ಸೆಕೆಯಲ್ಲಿ ವಿಮಾನ ನಿಂತಾಗ ಅವನ ತುಟಿಗಳು ನೀಲಿಯಾಗಿದ್ದವು.

ಬಸ್ರಾ ಬಿಟ್ಟ ಮೇಲೆ ಬೆಳಕಾಯಿತು. ಸೂರ್ಯ ನೇರ ನಮ್ಮ ಎದುರಿಗೇ ಬಂದ, ನಾವು ಅವನ ಮನೆಗೇ ಹೊರಟವರ ಹಾಗೆ. ಕೆಳಗೆ ಸಮುದ್ರ, ಬೇರೇನೂ ಇಲ್ಲ. ತಮ್ಮ ಕಣ್ಣು ಬಿಟ್ಟು, ಹುಬ್ಬು ಏರಿಸಲು ನೋಡಿದ, ಏರಲಿಲ್ಲ. ಬೆರಳುಗಳು ನನ್ನ ಬೆರಳುಗಳ ಮೇಲೆ ತಡಕಾಡಿದವು. ಇನ್ನೆಷ್ಟು?

ಎರಡು ಉಳಿದಿದ್ದವು. ಆಮೇಲೆ ರೈಲು, ಆಮೇಲೆ ಬಸ್ಸು. ಅವನ ಉಸಿರು ಎಷ್ಟು ದೂರದ್ದೆಂದು ನನಗೆ ಕಾಣುತ್ತಿತ್ತು. ಬಾಳೆ ಎಷ್ಟು ದಿನ ತಡೆಯುತ್ತದೆಂದು ನೋಡಿದೊಡನೆ ಹೇಳುವವಳು ನಾನು.

ನಾನು ಬೆರಳು ಹಿಡಿಯಲಿಲ್ಲ. ಅವನ ಅಂಗೈಯ ನಡುವೆ ಹೆಬ್ಬೆರಳು ಇಟ್ಟು, ಗಟ್ಟಿಯಾಗಿ ಒತ್ತಿದೆ. ಬಂತು, ತಮ್ಮಾ. ಮುಗೀತು. ಇನ್ನ ಹೆದರಿಕಿ ಇಲ್ಲ, ಏಳು.

ಅವನು ಕಿಟಕಿಯ ಕಡೆ ನೋಡಿದ. ಹೊಳೆಯುವ ನೀರನ್ನು ನೋಡಿದ. ಆಮೇಲೆ ನನ್ನ ಮುಖ ನೋಡಿದ. ಟುವ್ವಾಲದ ಕೆಳಗೆ ಎಂದೂ ಮೋಸಹೋಗದವನು ಅವನು. ನಾನು ಕೊಟ್ಟ ದರ ಸುಳ್ಳೆಂದು ಅವನಿಗೆ ಗೊತ್ತಿತ್ತು. ಅವನು ಗೆರೆ ಎಳೆಯಬಹುದಿತ್ತು. ಎಳೆಯಲಿಲ್ಲ. ಬಹಳ ಹೊತ್ತಿನ ಮೇಲೆ, ಮಗುವಿನ ಕೈಯಷ್ಟು ಹಗುರಾಗಿ, ಅವನ ಹೆಬ್ಬೆರಳು ನನ್ನ ಅಂಗೈಗೆ ತಾಗಿ, ಅಲ್ಲೇ ನಿಂತಿತು.

ಗಗನಸಖಿ ಒದ್ದೆ ಬಟ್ಟೆ ಹಿಡಿದು ಬಂದವಳು ನೋಡಿದಳು. ಅವಳಿಗೆ ತಿಳಿಯಿತು. "ಕರಾಚಿಯಲ್ಲಿ ಗೊತ್ತಾದರೆ ಅಲ್ಲೇ ಇಳಿಸಿಕೊಳ್ಳುತ್ತಾರೆ" ಎಂದಳು ಮೆಲ್ಲಗೆ. ನಾನು ಏನೂ ಬೇಡಲಿಲ್ಲ. ಜೀವನದಲ್ಲಿ ಅದೊಂದೇ ಸಲ ನನಗೆ ಚೌಕಾಶಿ ಮಾಡಲು ಬಾಯಿ ಬರಲಿಲ್ಲ. ಅವಳು ಬಾಗಿ, ಶಾಲನ್ನು ಅವನ ಗದ್ದದವರೆಗೆ ಎಳೆದು, ಕಿಟಕಿಯ ಪರದೆ ಮುಚ್ಚಿದಳು. ಕರಾಚಿಯಲ್ಲಿ ಒಬ್ಬ ಅಧಿಕಾರಿ ಒಳಗೆ ಬಂದು ನಮ್ಮ ಕಡೆ ನೋಡಿದಾಗ, "ರೋಗಿ ಈಗಷ್ಟೇ ನಿದ್ದೆ ಹೋದರು" ಎಂದು ಅವಳೇ ಹೇಳಿದಳು.

ಮುಂಬಯಿಯವರೆಗೂ ಸೆರಗಿನ ಕೆಳಗೆ ಆ ಕೈ ನನ್ನ ಕೈಯಲ್ಲಿತ್ತು. ಮೊದಲು ಬೆಚ್ಚಗಿತ್ತು. ಆಮೇಲೆ ನನ್ನ ಬಿಸಿಯಷ್ಟೇ ಅದರಲ್ಲಿತ್ತು. ಆಮೇಲೆ ಅದೂ ಹಿಡಿಯಲಿಲ್ಲ. ಬಿಡಿಸುವಾಗ ಹೆಬ್ಬೆರಳನ್ನು ನಾನೇ ಮೆಲ್ಲಗೆ ಎತ್ತಬೇಕಾಯಿತು.

ಮುಂಬಯಿಯಲ್ಲಿ ಕಾಗದಪತ್ರ, ಬರ್ಫದ ಪೆಟ್ಟಿಗೆ, ರೈಲಿನ ಡಬ್ಬಿ. ಅದನ್ನೆಲ್ಲ ಹೇಗೆ ಮಾಡಿದೆನೋ ಈಗ ನೆನಪಿಲ್ಲ. ಕಲಬುರಗಿ ಸ್ಟೇಷನ್ನಿಗೆ ವಕೀಲರು ಮೋಟಾರು ತಂದಿದ್ದರು. ಕಮಲಾಪುರದ ಮನೆಯ ಪಡಸಾಲೆಯಲ್ಲಿ, ನಮ್ಮ ರೂಢಿಯಂತೆ, ಗೋಡೆಗೆ ಆನಿಸಿ ಕೂರಿಸಿ, ಹಣೆಗೆ ವಿಭೂತಿ ಹಚ್ಚಿದೆವು. ತೋಟದ ಮಗ್ಗುಲಿಗೆ ಕುಣಿ ತೋಡಿದ್ದರು.

ಚಾಚಿ ಬಂದು ಎದುರಿಗೆ ಕೂತಳು. ಅವನ ಕಾಲು ಮುಟ್ಟಿದಳು, ಪಾದದಿಂದ ಮೊಣಕಾಲವರೆಗೆ, ಖರೆಯೋ ಸುಳ್ಳೋ ನೋಡುವವಳ ಹಾಗೆ. ಆಮೇಲೆ ನನ್ನನ್ನು ಕೇಳಿದಳು.

"ಎಲ್ಲಿ ತನಕ ಇದ್ದ, ಬೇಟಿ?"

"ಮನಿಗಿ ಬಂದ, ಚಾಚಿ" ಎಂದೆ. "ಬಂತು ಅಂದೆ. ಹೂಂ ಅಂದ."

ಚಾಚಿ ನನ್ನ ಮಗ್ಗುಲಿಗೆ ಸರಿದು ಕೂತಳು. ನನ್ನ ಬಲಗೈ ಹಿಡಿದುಕೊಂಡಳು. ಬಜಾರಿನ ಬೆರಳ ಮಾತು ಅವಳಿಗೆ ಬರುತ್ತಿರಲಿಲ್ಲ. ಸುಮ್ಮನೆ ಹಿಡಿದಿದ್ದಳು, ಕುಣಿಗೆ ಹೊರಡುವವರು ಅವನನ್ನು ಎತ್ತುವವರೆಗೆ.